ಉಳಿಯತ್ತಡ್ಕ–ಮಧೂರು ಕಡೆ ಬಾಡಿಗೆ ಮನೆ: ನೀರು, ಬಸ್ಸು, ಸುತ್ತಮುತ್ತ ನೋಡುವ ಜಾಗ?

ಹೊಸಬಾಡಿಗೆ ಕೇಳಿದ್ದು:

ಜೂನ್ ಮೊದಲ ವಾರದಿಂದ ಕಾಸರಗೋಡಿನ ವಿದ್ಯಾನಗರದಲ್ಲಿ ಕೆಲಸ. ಮನೆಯಲ್ಲಿ ನಾಲ್ಕು ಜನ. ಮಗಳು ಐದನೇ ತರಗತಿಗೆ, ಈವರೆಗೆ ಕರ್ನಾಟಕದಲ್ಲಿ ಕನ್ನಡ ಮಾಧ್ಯಮ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ.

ಮೂರು ಮನೆ ಗುರುತು ಹಾಕಿದ್ದೇವೆ. ಒಂದು ಉಳಿಯತ್ತಡ್ಕ ಪೇಟೆಯಿಂದ ಸ್ವಲ್ಪ ಮೇಲೆ ಗುಡ್ಡೆಯಲ್ಲಿ, ಐದು ಸೆಂಟ್ಸ್ ಜಾಗ. ಇನ್ನೊಂದು ಮಧೂರಿನಲ್ಲಿ ಹೊಳೆಗೆ ಹತ್ತಿರ, ತೋಟದ ನಡುವೆ. ಮೂರನೆಯದು ಮೊಗ್ರಾಲ್ ಪುತ್ತೂರು ಕಡೆ, ಹೆದ್ದಾರಿಯ ಪಡುವ ಬದಿ. ಬಾಡಿಗೆ ಮೂರಕ್ಕೂ ಹೆಚ್ಚು ಕಮ್ಮಿ ಒಂದೇ. ಮೂರರಲ್ಲೂ ಬಾವಿ ಇದೆ, "ನೀರಿಗೆ ತೊಂದರೆಯೇ ಇಲ್ಲ" ಎಂದು ಮೂರೂ ಮಾಲೀಕರು ಹೇಳಿದ್ದಾರೆ. ಈ ವಾರ ಬಂದು ನೋಡಬೇಕೆಂದಿದ್ದೇವೆ. ಏನನ್ನು ಪರೀಕ್ಷೆ ಮಾಡಬೇಕು? ಬಸ್ಸಿನಲ್ಲಿ ಓಡಾಡಲು ಯಾವುದು ಅನುಕೂಲ? ಕೆಎ ನಂಬರಿನ ಕಾರು ತಂದರೆ ಏನು ಕತೆ? ಊರಿನಿಂದ ನೆಂಟರು ಬಂದರೆ ಅರ್ಧ ದಿನದಲ್ಲಿ ತೋರಿಸಬಹುದಾದದ್ದು ಏನಿದೆ?

ಮುರಕಲ್ಲು ಬರೆದದ್ದು:

ಮೇ ತಿಂಗಳಲ್ಲಿ ನೋಡಲು ಬರುತ್ತಿದ್ದೀರಿ, ಅರ್ಧ ಗೆದ್ದಿರಿ. ಮಳೆಗಾಲದಲ್ಲಿ ಇಲ್ಲಿ ಎಲ್ಲ ಬಾವಿಯೂ ತುಂಬಿಯೇ ಇರುತ್ತದೆ, ಆಗ ಮನೆ ನೋಡಿದವರು ಮಾರ್ಚ್ ಕಳೆದ ಮೇಲೆ ಟ್ಯಾಂಕರಿಗೆ ಫೋನು ಮಾಡುತ್ತಾರೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ಊರು ಇದು. ಆದರೆ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡೆ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ತೂತು ತೂತಾದ ಕಲ್ಲಿನೊಳಗೆ ಇಳಿದ ನೀರು ಕೆಳಗಿನ ಜೇಡಿಪದರದ ಮೇಲೆ ಜಾರಿ ತಗ್ಗಿನ ಬೈಲಿಗೆ ಹೋಗುತ್ತದೆ. ಹಾಗಾಗಿ ಗುಡ್ಡೆ ಮೇಲಿನ ಮನೆಗೆ ಬಾವಿಯೇ ಮೊದಲ ಪ್ರಶ್ನೆ, ಬೈಲಿನ ಮನೆಗೆ ನೆರೆ.

ಬಾವಿ ನೋಡುವ ಕ್ರಮ ಹೇಳುತ್ತೇನೆ. ಒಂದು ಹಗ್ಗಕ್ಕೆ ಕಲ್ಲು ಕಟ್ಟಿ, ಅಡಿಗೊಂದು ಗಂಟು ಹಾಕಿ ತನ್ನಿ. ಮೊದಲು ದಂಡೆಯಿಂದ ನೀರಿನ ಮಟ್ಟ, ಆಮೇಲೆ ತಳ. ಎರಡರ ನಡುವಿನ ಅಂತರ ನೀರಿನ ಆಳ. ಇಲ್ಲಿನ ಮನೆ ಬಾವಿಗಳು ಹೆಚ್ಚಾಗಿ 2 ಮೀಟರ್ ಅಗಲ ಎಂದು ಇಟ್ಟುಕೊಳ್ಳಿ. ಆ ಅಗಲದಲ್ಲಿ 10 ಸೆಂ.ಮೀ. ನೀರು ಅಂದರೆ 314 ಲೀಟರ್. ನಾಲ್ಕು ಜನಕ್ಕೆ ತಲೆಗೆ 135 ಲೀಟರಿನಂತೆ ದಿನಕ್ಕೆ 540 ಲೀಟರ್ ಬೇಕು, ಅಂದರೆ ಬಾವಿಯಲ್ಲಿ ಸುಮಾರು 17 ಸೆಂ.ಮೀ. ಈಗ ಮಾಲೀಕರಿಗೆ ಹೇಳಿ ಅರ್ಧ ಗಂಟೆ ಪಂಪು ಓಡಿಸಿ, ಎಷ್ಟು ಇಳಿಯಿತು ನೋಡಿ. ಪಂಪು ನಿಲ್ಲಿಸಿ ಎರಡು ಗಂಟೆ ಬಿಟ್ಟು ಬಂದು ಮತ್ತೆ ಅಳೆಯಿರಿ. ಎರಡು ಗಂಟೆಯಲ್ಲಿ 2 ಸೆಂ.ಮೀ. ಕೂಡ ಏರದಿದ್ದರೆ ಮೇ ಕೊನೆಗೆ ನಿಮ್ಮ ಮನೆಗೆ ಅದು ಸಾಲದು, ಮಾಲೀಕರು ಎಷ್ಟೇ ಆಣೆ ಹಾಕಲಿ. ಬಾವಿಯಲ್ಲಿ ಎಷ್ಟು ನೀರಿದೆ ಎನ್ನುವುದಕ್ಕಿಂತ ತೆಗೆದ ನೀರು ಎಷ್ಟು ಬೇಗ ಒಸರಿ ತುಂಬುತ್ತದೆ ಎನ್ನುವುದು ಮುಖ್ಯ.

ಪಂಪು ಎಲ್ಲಿ ಕೂತಿದೆ ನೋಡಿ. ನೆಲದ ಮೇಲಿಟ್ಟ ಸಾಮಾನ್ಯ ಪಂಪು ಏಳೆಂಟು ಮೀಟರಿಗಿಂತ ಕೆಳಗಿನ ನೀರನ್ನು ಎಳೆಯುವುದಿಲ್ಲ. ಎಷ್ಟು ಎಚ್‌ಪಿ ಇದ್ದರೂ ಅಷ್ಟೇ, ಅದು ಗಾಳಿಯ ಒತ್ತಡದ ಮಿತಿ. ಬೇಸಿಗೆಯಲ್ಲಿ ಮಟ್ಟ ಹತ್ತು ಮೀಟರಿಗೆ ಇಳಿಯುವ ಬಾವಿಯಾದರೆ ಪಂಪು ಬಾವಿಯೊಳಗೆ ಕಟ್ಟೆಯ ಮೇಲಿರಬೇಕು, ಇಲ್ಲವೇ ಮುಳುಗುವ ಪಂಪು ಇರಬೇಕು. ಬೆಳಿಗ್ಗೆ ಸ್ವಿಚ್ ಹಾಕಿದಾಗ ಮೋಟಾರು ಓಡುತ್ತದೆ, ನೀರು ಬರುವುದಿಲ್ಲ, ಒಂದು ಕೊಡ ನೀರು ಹೊಯ್ದರೆ ಸರಿಯಾಗುತ್ತದೆ ಎಂದಾದರೆ ಅದು ಪೈಪಿನ ತುದಿಯಲ್ಲಿ ನೀರಿನೊಳಗಿರುವ ಫುಟ್ ವಾಲ್ವಿನ ವಾಷರು ಹೋಗಿರುವುದು. ಸಣ್ಣ ರಿಪೇರಿ. ಕರಾರಿಗೆ ಮೊದಲೇ ಮಾಡಿಸಿಕೊಳ್ಳಿ.

ಇನ್ನು ಐದು ಸೆಂಟ್ಸ್ ಅಂದಿರಿ. ಅಂದರೆ 2178 ಚದರಡಿ. ಅಷ್ಟರಲ್ಲೇ ಮನೆ, ಬಾವಿ, ಸೆಪ್ಟಿಕ್ ಟ್ಯಾಂಕು. ಬಾವಿಗೂ ಟ್ಯಾಂಕಿಗೂ ಕೇರಳದ ಕಟ್ಟಡ ನಿಯಮದಂತೆ ಕನಿಷ್ಠ 7.5 ಮೀಟರ್ ದೂರ ಬೇಕು. ನಿಮ್ಮ ಮನೆಯ ಟ್ಯಾಂಕು ದೂರವೇ ಇರಬಹುದು, ಕಂಪೌಂಡಿನ ಆಚೆ ಪಕ್ಕದವರ ಗುಂಡಿ ಎಲ್ಲಿದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಗೋಡೆಯ ಮೇಲಿನಿಂದ ಇಣುಕಿ ಅದರ ಗಾಳಿಪೈಪು ಎಲ್ಲಿದೆ ನೋಡಿ. ಮುರಕಲ್ಲಿನ ತೂತುಗಳಲ್ಲಿ ಕೊಳೆನೀರು ಸೋಸಿ ಹೋಗುವುದಿಲ್ಲ, ನೇರ ಹರಿದು ಬರುತ್ತದೆ. ಬಾವಿಯ ಮೇಲೆ ಬಲೆ, ಸುತ್ತ ಕಟ್ಟೆ, ಕಟ್ಟೆಯ ಬುಡದಲ್ಲಿ ಸಿಮೆಂಟಿನ ಇಳಿಜಾರು ಇದೆಯೋ ಎಂದೂ ನೋಡಿ.

ರುಚಿ, ಬಣ್ಣದ ವಿಷಯ. ಇಲ್ಲಿನ ನೀರು ಸ್ವಲ್ಪ ಹುಳಿಗುಣದ್ದು. ಹಿತ್ತಾಳೆ ನಲ್ಲಿಯ ಕೆಳಗೆ ಸಿಂಕಿನಲ್ಲಿ ನೀಲಿ ಹಸಿರು ಕಲೆ ಕಂಡರೆ ಅದೇ ಕಾರಣ, ಗಾಬರಿ ಬೇಡ, ಜಿಐ (ಕಬ್ಬಿಣದ) ಪೈಪು ಮಾತ್ರ ಬೇಗ ತುಕ್ಕು ಹಿಡಿಯುತ್ತದೆ. ಕಬ್ಬಿಣದ ಅಂಶ ನೋಡಲು ಬಿಳಿ ಬಕೆಟಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ತಳ ನೋಡಿ. ಪುರುಸೊತ್ತಿಲ್ಲದಿದ್ದರೆ ನಾಲ್ಕು ಪೇರಳೆ (ಸೀಬೆ) ಎಲೆ ಜಜ್ಜಿ ಒಂದು ಲೋಟ ನೀರಿಗೆ ಹಾಕಿ. ಕಬ್ಬಿಣ ಜಾಸ್ತಿ ಇದ್ದರೆ ಸ್ವಲ್ಪ ಹೊತ್ತಿನಲ್ಲೇ ನೀರು ನೇರಳೆ ಕಪ್ಪಿಗೆ ತಿರುಗುತ್ತದೆ.

ಮೊಗ್ರಾಲ್ ಪುತ್ತೂರಿನ ಮನೆಗೆ ಒಂದೇ ಮಾತು: ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತನ್ನಿ. ಒಳನಾಡಿನ ಮುರಕಲ್ಲು ಬಾವಿಯಲ್ಲಿ ಅದು ಮೂರಂಕಿ ಮುಟ್ಟುವುದೇ ಕಷ್ಟ. ಹೆದ್ದಾರಿಯ ಪಡುವಲ್ಲಿ 500 ದಾಟಿದರೆ ಉಪ್ಪು ನುಗ್ಗಿದೆ ಎಂದೇ ಲೆಕ್ಕ. ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಮೇಯಲ್ಲಿ ಉಪ್ಪಾಗದ ಬಾವಿ ಬೇರೆ ಯಾವಾಗಲೂ ಉಪ್ಪಾಗುವುದಿಲ್ಲ.

ಬೈಲುಕರೆ ಬರೆದದ್ದು:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮೇ ತಿಂಗಳು ಬಾವಿಯನ್ನು ತೋರಿಸುತ್ತದೆ, ನೆರೆಯನ್ನು ಮುಚ್ಚಿಡುತ್ತದೆ. ಮಧೂರಿನ ಮನೆ ಈಗ ನೋಡಿದರೆ ಸ್ವರ್ಗ: ತೋಟದ ನೆರಳು, ಬಾವಿಯಲ್ಲಿ ಕೈಗೆಟಕುವಷ್ಟು ನೀರು. ಜುಲೈಯಲ್ಲಿ ನಾಲ್ಕು ದಿನ ಬಿಡದೆ ಸುರಿದರೆ ಮಧುವಾಹಿನಿ ಹೊಳೆ ದೇವಸ್ಥಾನದ ಅಂಗಳಕ್ಕೇ ಬರುತ್ತದೆ. ಅದು ಸುದ್ದಿಯೇ ಅಲ್ಲ ಎನ್ನುವಷ್ಟು ಸಲ ಆಗಿದೆ. ಹಾಗಾಗಿ ಮನೆಯ ನೆಲ ದೇವಸ್ಥಾನದ ಅಂಗಳಕ್ಕಿಂತ ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ ಕಣ್ಣಳತೆಯಲ್ಲಿ ನೋಡಿ. ಗೋಡೆ ಹೊಸದಾಗಿ ಬಣ್ಣ ಬಳಿದಿದ್ದರೆ ಕಂಪೌಂಡಿನ ಒಳಬದಿ, ಬಚ್ಚಲಿನ ಹಿಂದೆ, ಅಡಿಕೆ ಮರದ ಬುಡ ನೋಡಿ. ಅಲ್ಲಿ ಯಾರೂ ಬಣ್ಣ ಬಳಿಯುವುದಿಲ್ಲ, ಕೆಸರಿನ ಗೆರೆ ಇದ್ದೇ ಇರುತ್ತದೆ. ಮೀಟರ್ ಬೋರ್ಡನ್ನು ಗೋಡೆಯಲ್ಲಿ ಮಾಮೂಲಿಗಿಂತ ಮೇಲೆ ಕೂರಿಸಿದ್ದರೆ ಅದಕ್ಕೂ ಒಂದು ಕಾರಣ ಇರುತ್ತದೆ!

ನೆರೆನೀರು ಬಾವಿಗೆ ಇಳಿದರೆ ಬ್ಲೀಚಿಂಗ್ ಪೌಡರ್ ಹಾಕಲೇಬೇಕು. ಎಲ್ಲರೂ ಮುಷ್ಟಿ ಲೆಕ್ಕದಲ್ಲಿ ಎರಚುತ್ತಾರೆ, ಅದು ತಪ್ಪು. ಮಾಮೂಲಿ ಶುಚಿಗೆ 1000 ಲೀಟರಿಗೆ 2.5 ಗ್ರಾಂ, ನೆರೆ ಬಂದು ಹೋದ ಮೇಲೆ 5 ಗ್ರಾಂ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9400 ಲೀಟರ್, ಅಂದರೆ 47 ಗ್ರಾಂ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಪುಡಿಯನ್ನು ಹಿಟ್ಟಿನ ಹಾಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಯ ಕೊಡಕ್ಕೆ ಬಗ್ಗಿಸಿ, ಕೊಡವನ್ನು ನೀರಿನೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ನೀರು ಸೇದಬಾರದು. ತಳದ ಸುಣ್ಣವನ್ನು ಬಾವಿಗೆ ಸುರಿದರೆ ನೀರು ಗಡಸಾಗುತ್ತದೆ, ಉಪಯೋಗ ಏನೂ ಇಲ್ಲ. ತೆರೆದಿಟ್ಟ ಹಳೆ ಪೊಟ್ಟಣದ ಪುಡಿ ಸತ್ವ ಕಳೆದುಕೊಂಡಿರುತ್ತದೆ, ಹೊಸದೇ ತನ್ನಿ.

ಮೊಣಕಾಲು ನೋವಿನವರು ಇದ್ದಾರೆ ಅಂದಿರಿ. ಬೈಲಿನ ಮನೆಗಳಿಗೆ ನೆರೆಗೆ ಹೆದರಿ ಜಗಲಿ ಎತ್ತರ ಮಾಡಿರುತ್ತಾರೆ, ಐದಾರು ಮೆಟ್ಟಿಲು ಖಂಡಿತ. ಗುಡ್ಡೆಯ ಮನೆಗೆ ಮೆಟ್ಟಿಲು ಕಮ್ಮಿ, ಆದರೆ ರಸ್ತೆಯಿಂದ ಏರು ಇರುತ್ತದೆ, ಮಳೆಗೆ ಆ ಏರು ಪಾಚಿ ಕಟ್ಟಿ ಜಾರುತ್ತದೆ. ಆಟೋ ಅಂಗಳಕ್ಕೇ ಬರುತ್ತದೋ ಎಂದು ಕೇಳಿ.

ಪಡುವಲ ಗೋಡೆಗೆ ಮಾಡು ಎಷ್ಟು ಮುಂದೆ ಚಾಚಿದೆ ನೋಡಿ. ಎರಡಡಿ ಇಲ್ಲದಿದ್ದರೆ ಎರಚಲು ಹೊಡೆದು ಆ ಕೋಣೆ ಆಗಸ್ಟಿನವರೆಗೆ ಒಣಗುವುದಿಲ್ಲ. ಕಪಾಟನ್ನು ಆ ಗೋಡೆಗೆ ಒರಗಿಸಿಡಬೇಡಿ.

ಉಳಿಯತ್ತಡ್ಕವಾಸಿ ಬರೆದದ್ದು:

ಓಡಾಟ, ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ, ಚುಟುಕಾಗಿ ಹೇಳುತ್ತೇನೆ.

ವಿದ್ಯಾನಗರದಲ್ಲಿ ಕೆಲಸವಾದರೆ ಉಳಿಯತ್ತಡ್ಕ ಅನುಕೂಲ. ವಿದ್ಯಾನಗರ–ಸೀತಾಂಗೋಳಿ ರಸ್ತೆ ಇದರ ಮೇಲೆಯೇ ಹೋಗುತ್ತದೆ, ಕಾಸರಗೋಡು ಪೇಟೆಯಿಂದ ಮಧೂರಿಗೆ ಹೋಗುವ ಬಸ್ಸೂ ಇಲ್ಲಿಂದಲೇ. ಮಧೂರು ಪಂಚಾಯತು ಕಚೇರಿಯೂ ಇಲ್ಲೇ, ಹೆಸರು ನೋಡಿ ಮಧೂರಿಗೆ ಹೋಗಿ ಹುಡುಕಬೇಡಿ. ಮೊಗ್ರಾಲ್ ಪುತ್ತೂರಿನಿಂದ ಬಸ್ಸು ಬೇಕಷ್ಟು, ಆದರೆ ಹೆದ್ದಾರಿ ಆರು ಪಥ ಆದ ಮೇಲೆ ಎದುರು ಬದಿಯ ಬಸ್ಸು ಹಿಡಿಯಬೇಕಾದರೆ ಅಂಡರ್‌ಪಾಸಿನವರೆಗೆ ನಡೆಯಬೇಕು. ಮನೆಯಿಂದ ಅದು ಎಷ್ಟು ದೂರ ಎಂದು ಕಾಲಲ್ಲಿ ಅಳೆಯಿರಿ, ಮ್ಯಾಪಿನಲ್ಲಿ ಅಲ್ಲ. ಬಸ್ಸಿನ ಕನಿಷ್ಠ ದರ 2022ರಿಂದ 10 ರೂಪಾಯಿ, ಆಟೋಗೆ ಮೊದಲ ಒಂದೂವರೆ ಕಿ.ಮೀ.ಗೆ 30. ಮೀಟರ್ ಹಾಕುವ ಕ್ರಮ ಇಲ್ಲಿ ಕಮ್ಮಿ, ಹತ್ತುವ ಮೊದಲೇ ಕೇಳಿಕೊಳ್ಳಿ.

ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಕಂಡಕ್ಟರಿಗೆ ಕನ್ನಡವೋ ತುಳುವೋ ಬರುತ್ತದೆ, ಕೇಳಿ ಹತ್ತಿ. ಮ್ಯಾಪಿನಲ್ಲಿ ಊರು ಸಿಗದಿದ್ದರೆ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ "ಟಿ" ಪಕ್ಕ "ಎಚ್" ಸೇರಿಸಿ ಹುಡುಕಿ. ಮಲಯಾಳದವರು "ತ"ಕಾರವನ್ನು ಹಾಗೇ ಬರೆಯುವುದು.

ಕರೆಂಟು ಬಿಲ್ಲು ಎರಡು ತಿಂಗಳಿಗೊಮ್ಮೆ. ಮೊದಲ ಬಿಲ್ಲು ನೋಡಿ ಕರ್ನಾಟಕದವರು ಬೆಚ್ಚಿ ಬೀಳುವುದು ಅದಕ್ಕೇ. ಆದರೆ ಒಂದು ನಿಜವಾದ ಗುಂಡಿ ಇದೆ: ತಿಂಗಳಿಗೆ 250, ಅಂದರೆ ಬಿಲ್ಲಿಗೆ 500 ಯೂನಿಟ್ ಒಳಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ದರ. 500 ದಾಟಿದರೆ ಮೊದಲ ಯೂನಿಟಿನಿಂದಲೇ ಎಲ್ಲಕ್ಕೂ ಒಂದೇ ಮೇಲಿನ ದರ. ಎಸಿ ಇರುವ ಮನೆಯಾದರೆ ಏಪ್ರಿಲ್–ಮೇಯಲ್ಲಿ ತಿಂಗಳ ನಡುವೆ ಒಮ್ಮೆ ಮೀಟರ್ ನೋಡುವ ಅಭ್ಯಾಸ ಒಳ್ಳೆಯದು. ಒಳಗೆ ಬರುವ ದಿನ ಮೀಟರಿನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ, ಹಳೆಯ ಬಾಡಿಗೆಯವರ ಬಾಕಿ ನಿಮ್ಮ ತಲೆಗೆ ಬರಬಾರದಲ್ಲ. ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಇದೆಯೋ, ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೋ ನೋಡಿ. ಗುಡ್ಡೆಯ ಮೇಲೆ ಸಿಡಿಲು ಜಾಸ್ತಿ, ಒಣ ಮುರಕಲ್ಲಿನಲ್ಲಿ ಅರ್ತಿಂಗ್ ಸರಿ ಕೂರುವುದಿಲ್ಲ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಮೋಡ ಗುಡುಗಿದ ಕೂಡಲೇ ಟಿವಿ, ಮೋಡೆಮ್ ಪ್ಲಗ್ಗಿನಿಂದಲೇ ಕಿತ್ತಿಡಿ.

ಕೆಎ ನಂಬರಿನ ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಕಾಸರಗೋಡಿನ ಕೆಎಲ್ 14 ನಂಬರು ಮಾಡಿಸಬೇಕು. ಅದಕ್ಕೆ ನಿಮ್ಮ ಹಳೆಯ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿನ ತೆರಿಗೆ ಬೇರೆ ಕಟ್ಟಬೇಕು. ಒಂದೆರಡು ವರ್ಷದಲ್ಲಿ ವರ್ಗ ಆಗುವ ಕೆಲಸವಾದರೆ ಹಳೆ ಕಾರಿಗೆ ಇಷ್ಟೆಲ್ಲ ಮಾಡುವುದು ಲಾಭವೋ ಎಂದು ಲೆಕ್ಕ ಹಾಕಿ.

ಶಾಲೆ: ಕೇರಳದಲ್ಲಿ ಐದನೆಯಿಂದ ಏಳರವರೆಗೆ ಯುಪಿ (ಹಿರಿಯ ಪ್ರಾಥಮಿಕ), ಹಾಗಾಗಿ ಐದಕ್ಕೆ ಸೇರುವ ಮಕ್ಕಳು ಬೇರೆಯವರೂ ಇರುತ್ತಾರೆ, ನಿಮ್ಮ ಮಗಳು ಒಬ್ಬಳೇ ಹೊಸಬಳಾಗುವುದಿಲ್ಲ. ಕನ್ನಡ ಮಾಧ್ಯಮ ಈ ಭಾಗದಲ್ಲಿ ಧಾರಾಳ ಇದೆ, ಪುಸ್ತಕ ಕನ್ನಡದ್ದು, ಪಠ್ಯಕ್ರಮ ಕೇರಳದ್ದು. ಟಿಸಿಗೆ ಅಲ್ಲಿನ ಬಿಇಒ ಮೇಲುರುಜು ಹಾಕಿಸಿಯೇ ತನ್ನಿ, ಇಲ್ಲದಿದ್ದರೆ ಮತ್ತೆ ಅದಕ್ಕೊಂದು ಓಡಾಟ. ಕಚೇರಿಗಳಿಗೆ ಅರ್ಜಿ ಕನ್ನಡದಲ್ಲೇ ಕೊಡಬಹುದು, ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕಿದೆ. ಆನ್‌ಲೈನ್ ಅರ್ಜಿಗಳಿಗೆ ಅಕ್ಷಯ ಕೇಂದ್ರ. ಪ್ಲಾಸ್ಟಿಕ್ ಕಸಕ್ಕೆ ಹರಿತ ಕರ್ಮ ಸೇನೆಯವರು ಮನೆಗೇ ಬರುತ್ತಾರೆ, ತಿಂಗಳಿಗೆ 50 ರೂಪಾಯಿ. ತೊಳೆದು ಒಣಗಿಸಿ ಕೊಡಬೇಕು. ಆ ರಶೀದಿ ಎಸೆಯಬೇಡಿ, ಪಂಚಾಯತಿನಲ್ಲಿ ಕೇಳುತ್ತಾರೆ.

ಬೇಳದದಾರಿ ಬರೆದದ್ದು:

ನೆಂಟರಿಗೆ ತೋರಿಸುವ ಸುತ್ತು ನಾನು ಹೇಳುತ್ತೇನೆ. ದಿಕ್ಕು ತಪ್ಪಿದರೆ ಎಲ್ಲ ಬಾಗಿಲೂ ಮುಚ್ಚಿರುತ್ತದೆ, ಅದನ್ನು ನೆನಪಿಡಿ. ದೇವಸ್ಥಾನಗಳು ಮಧ್ಯಾಹ್ನದ ಪೂಜೆ ಆದ ಮೇಲೆ ಮುಚ್ಚಿದರೆ ಮತ್ತೆ ಸಂಜೆಗೇ. ಆದ್ದರಿಂದ ಬೆಳಿಗ್ಗೆ ಎಂಟರೊಳಗೆ ಮಧೂರು, ಹತ್ತೂವರೆಗೆ ಮೊದಲು ಅನಂತಪುರ, ಉಳಿದದ್ದು ಆಮೇಲೆ.

ಮಧೂರಿನಲ್ಲಿ ಮುಖ್ಯ ದೇವರು ಮದನಂತೇಶ್ವರ, ಅಂದರೆ ಶಿವ. ಜನ ಬರುವುದು ಗಣಪತಿಗೆ. ಗಣಪತಿ ಇರುವುದು ಗರ್ಭಗುಡಿಯ ದಕ್ಷಿಣದ ಗೋಡೆಯಲ್ಲಿ, ಹೊಸಬರು ಎದುರಿನ ಸಾಲಿನಲ್ಲೇ ನಿಂತು ಹುಡುಕುತ್ತಾರೆ. ನೋಡಬೇಕಾದದ್ದು ಹೊರಗಿನಿಂದ: ಹಿಂಬದಿ ಆನೆಯ ಬೆನ್ನಿನ ಹಾಗೆ ದುಂಡಗೆ ತಿರುಗಿದ ಗಜಪೃಷ್ಠದ ಗುಡಿ, ಮೂರು ಅಂತಸ್ತಿನ ಮಾಡು, ಮೇಲೆ ತಾಮ್ರದ ಹೊದಿಕೆ. ಮುಂದಿನಿಂದ ಫೋಟೋ ತೆಗೆದು ಹೋಗುವವರಿಗೆ ಆ ದುಂಡು ಕಾಣುವುದೇ ಇಲ್ಲ, ಒಂದು ಸುತ್ತು ಬಂದು ಹಿಂದೆ ನಿಂತು ಮೇಲೆ ನೋಡಬೇಕು. ಮರದ ಕೆತ್ತನೆಯಲ್ಲಿ ರಾಮಾಯಣದ ಕತೆ ಇದೆ. ಗುಡಿ ಕೆಡವಲು ಬಂದ ಟಿಪ್ಪು, ಇಲ್ಲಿನ ಬಾವಿಯ ನೀರು ಕುಡಿದು ಮನಸ್ಸು ಬದಲಿಸಿ, ಹೆಸರಿಗೊಂದು ಖಡ್ಗದ ಗುರುತು ಹಾಕಿ ಹೋದ ಎನ್ನುವ ಐತಿಹ್ಯವನ್ನೂ ಹೇಳುತ್ತಾರೆ. ಪ್ರಸಾದ ಅಪ್ಪ. ವಿಷು ಹೊತ್ತಿಗೆ ಜಾತ್ರೆ, ಬೆಡಿಯ (ಸಿಡಿಮದ್ದಿನ) ರಾತ್ರಿ ಈ ರಸ್ತೆಗೆ ಕಾರು ತರುವ ಯೋಚನೆಯೇ ಬೇಡ.

ಅಲ್ಲಿಂದ ಉಳಿಯತ್ತಡ್ಕಕ್ಕೆ ಹಿಂದೆ ಬಂದು ಮಾಯಿಪ್ಪಾಡಿ ದಾರಿಯಲ್ಲಿ ಸೀತಾಂಗೋಳಿ. ಮಾಯಿಪ್ಪಾಡಿ ಕುಂಬಳೆ ಅರಸರ ಅರಮನೆ ಇದ್ದ ಊರು. ಸೀತಾಂಗೋಳಿಯಿಂದ ಕುಂಬಳೆ ಕಡೆಗೆ ತಿರುಗಿ ನಾಯ್ಕಾಪಿನಲ್ಲಿ ಅನಂತಪುರದ ರಸ್ತೆ ಹಿಡಿಯಿರಿ.

ಅನಂತಪುರ ಸರೋವರದ ನಡುವಿನ ಗುಡಿ, ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಎಂದು ನಂಬಿಕೆ. ಗುಡಿಗೆ ಕಾಲುಸಂಕದಲ್ಲಿ ದಾಟಿ ಹೋಗುವುದು, ಕೆರೆಯ ಒಂದು ಮೂಲೆಯಲ್ಲಿ ಗುಹೆ. ಮೂಲ ವಿಗ್ರಹಗಳು ಕಲ್ಲಿನದ್ದೂ ಅಲ್ಲ, ಲೋಹದ್ದೂ ಅಲ್ಲ, ಎಪ್ಪತ್ತಕ್ಕೂ ಹೆಚ್ಚು ವಸ್ತುಗಳನ್ನು ಸೇರಿಸಿ ಮಾಡುವ ಕಡುಶರ್ಕರ ಪಾಕದ್ದು. 1972ರಲ್ಲಿ ಪಂಚಲೋಹದ್ದನ್ನು ಇಟ್ಟಿದ್ದರು, ಆಮೇಲೆ ಹಳೆಯ ಕ್ರಮಕ್ಕೇ ಮರಳುವ ಕೆಲಸ ನಡೆಯಿತು. ಗಂಡಸರು ಒಳಗೆ ಹೋಗುವಾಗ ಅಂಗಿ ಕಳಚಬೇಕು. ನಿಮ್ಮ ಅತ್ತೆಗೆ ಇಲ್ಲಿ ತೊಂದರೆ: ಕೆರೆ ತಗ್ಗಿನಲ್ಲಿದೆ, ಮೆಟ್ಟಿಲು ಇಳಿಯಬೇಕು. ಮೇಲೆಯೇ ಕೂತರೂ ಇಡೀ ಕೆರೆ ಕಾಣುತ್ತದೆ. ಹನ್ನೊಂದರ ಮೇಲೆ ಪಾರೆ (ಹಾಸುಬಂಡೆ) ಕಾದು ಬರಿಗಾಲು ಇಡಲಾಗುವುದಿಲ್ಲ. ಓಣಂ ಹೊತ್ತಿಗೆ ಅದೇ ಪಾರೆಯ ಮೇಲೆ ಬೆರಳುದ್ದದ ಗಿಡಗಳಲ್ಲಿ ನೀಲಿ ಹೂವಿನ ಹಾಸು. ನೆಂಟರನ್ನು ಕರೆಸುವುದಿದ್ದರೆ ಆಗ ಕರೆಸಿ.

ಹಿಂದೆ ಸೀತಾಂಗೋಳಿಗೆ ಬಂದು ಬದಿಯಡ್ಕ ಕಡೆಗೆ ಹೋದರೆ ಬೇಳದ ಇಗರ್ಜಿ. 1890ರದ್ದು, ಶೋಕಮಾತೆಗೆ ಅರ್ಪಿತ, ಗಾಥಿಕ್ ಶೈಲಿ. ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಚೂಪು ಕಮಾನಿನ ಕಿಟಕಿಗಳ ಬೆಳಕಿಗೆ ಮಧ್ಯಾಹ್ನವೇ ಒಳ್ಳೆಯ ಹೊತ್ತು. ಪೂಜೆ ನಡೆಯುತ್ತಿದ್ದರೆ ಹೊರಗೆ ಕಾಯಿರಿ.

ಬದಿಯಡ್ಕದಿಂದ ಚೆರ್ಕಳ ದಾರಿಯಲ್ಲಿ ಎಡನೀರು ಮಠ. ಇಲ್ಲಿನ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ 1970ರಲ್ಲಿ ಹಾಕಿದ ಮೊಕದ್ದಮೆಯಿಂದಲೇ ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ ತೀರ್ಪು ಬಂದದ್ದು: 1973 ಏಪ್ರಿಲ್ 24, ಹದಿಮೂರು ನ್ಯಾಯಮೂರ್ತಿಗಳು, ಏಳಕ್ಕೆ ಆರು. ಕಾನೂನು ಓದಿದ ನೆಂಟರಿದ್ದರೆ ಬೇರೆಲ್ಲ ಬಿಟ್ಟು ಇಲ್ಲಿಗೆ ಕರೆತನ್ನಿ. ನಮ್ಮವರಿಗೆ ಯಕ್ಷಗಾನದ ಮಠ ಎಂದೇ ಹೆಚ್ಚು ಗೊತ್ತು. ಚೆರ್ಕಳದಿಂದ ವಿದ್ಯಾನಗರ, ಮನೆ.

ಬೇಕಲ ಕೋಟೆಯನ್ನು ಇದಕ್ಕೆ ಸೇರಿಸಬೇಡಿ. ಅದು ಕಾಸರಗೋಡಿನ ತೆಂಕಲಿಗೆ 16 ಕಿ.ಮೀ., 40 ಎಕರೆ, ನೆರಳಿಲ್ಲ. ಇನ್ನೊಂದು ದಿನ ಸಂಜೆ ನಾಲ್ಕಕ್ಕೆ ಹೋಗಿ.

ಹೊಸಬಾಡಿಗೆ ಬರೆದದ್ದು:

ಎಲ್ಲರಿಗೂ ವಂದನೆ. ಅನಂತಪುರದಲ್ಲಿ ಸಸ್ಯಾಹಾರಿ ಮೊಸಳೆ ಇದೆ ಎಂದು ಮಗಳು ಕೇಳುತ್ತಿದ್ದಾಳೆ, ಈಗಲೂ ಕಾಣಬಹುದೇ? ಮತ್ತೆ, ತೆಂಗಿನ ಸಸಿ ಸಿಗುವ ಜಾಗ ಹತ್ತಿರ ಇದೆಯೇ?

ಬೇಳದದಾರಿ ಬರೆದದ್ದು:

ಆ ಮೊಸಳೆ, ಬಬಿಯಾ, 2022 ಅಕ್ಟೋಬರಿನಲ್ಲಿ ತೀರಿಕೊಂಡಿತು ಮಾರಾಯ್ರೆ. 2023ರ ಕೊನೆಗೆ ಕೆರೆಯಲ್ಲಿ ಇನ್ನೊಂದು ಮರಿ ಕಾಣಿಸಿಕೊಂಡಿತು. ಬಬಿಯಾ ನೈವೇದ್ಯದ ಅನ್ನಕ್ಕೆ ಹತ್ತಿರ ಬರುತ್ತಿತ್ತು, ಇದು ಕರೆದರೆ ಬರುವುದಲ್ಲ. ಗುಹೆಯ ಕಡೆ ಸದ್ದಿಲ್ಲದೆ ನೋಡಿದರೆ ಅದೃಷ್ಟ. ಏನನ್ನೂ ಎಸೆಯಬಾರದು, ಮಗಳನ್ನು ನೀರಿನ ಮೆಟ್ಟಿಲಿಗೆ ಬಿಡಬೇಡಿ.

ಸಸಿಗೆ ಕೂಡ್ಲಿನ ಸಿಪಿಸಿಆರ್‌ಐ, ಹೆದ್ದಾರಿ ಬದಿಯಲ್ಲೇ. 1916ರಲ್ಲಿ ಮದ್ರಾಸ್ ಸರಕಾರ ತೆಂಗಿನ ಸಂಶೋಧನೆಗೆಂದು ಶುರು ಮಾಡಿದ ಕೇಂದ್ರ. ಸಸಿ ಕೂಡಲೇ ಸಿಗುತ್ತದೆ ಎಂದು ಹೋಗಬೇಡಿ, ಹೆಸರು ಬರೆಸಿ ಕಾಯಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿ ನೆಟ್ಟರೆ ಕಾಯಿ ಮಾಲೀಕರಿಗೆ.

ಮುರಕಲ್ಲು ಬರೆದದ್ದು:

ಹಗ್ಗ ಮರೆಯಬೇಡಿ. ಗುಡ್ಡೆಯ ಮನೆಯ ಬಾವಿ ಎರಡು ಗಂಟೆಯಲ್ಲಿ 2 ಸೆಂ.ಮೀ. ಏರಿದರೆ ಅದನ್ನೇ ಹಿಡಿಯಿರಿ. ಏರದಿದ್ದರೆ ಮಧೂರಿನದ್ದರ ಕೆಸರು ಗೆರೆ ಜಗಲಿಗಿಂತ ಎಷ್ಟು ಕೆಳಗಿದೆ ನೋಡಿ, ಒಂದೂವರೆ ಅಡಿ ಇದ್ದರೆ ಒಪ್ಪಬಹುದು. ನೀರಿನ ಸ್ಯಾಂಪಲ್ ತೆಗೆಯುವಾಗ ಪಂಪು ಐದು ನಿಮಿಷ ಓಡಿಸಿ, ಲ್ಯಾಬಿನವರೇ ಕೊಡುವ ಬಾಟಲಿಯಲ್ಲಿ ಹಿಡಿದು, ಐಸ್ ಹಾಕಿದ ಚೀಲದಲ್ಲಿಟ್ಟು ಅವತ್ತೇ ಮುಟ್ಟಿಸಿ. ಮಿನರಲ್ ವಾಟರಿನ ಖಾಲಿ ಬಾಟಲಿಯಲ್ಲಿ ಕೊಟ್ಟರೆ ಕೋಲಿಫಾರ್ಮ್ (ಕೊಳೆನೀರಿನ ರೋಗಾಣು) ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ.